ಮಹಜರಿನಲ್ಲೊಂದು ತಲೆನೋವು

ಮೆಕ್ಕೆಜೋಳ ಮುರಿದು, ಭತ್ತ ಕೊಯ್ದು ಹೊಲಗದ್ದೆಗಳು ಬರಿದಾದ ಮೇಲೆ ನಮ್ಮ ಕೆಲಸ ಶುರು. ಪೈರಿನ ನಡುವೆ ಮುಚ್ಚಿಹೋಗಿದ್ದ ಗಡಿಯ ಬಾಂದುಕಲ್ಲುಗಳು ಆಗ ತಲೆ ಎತ್ತುತ್ತವೆ, ಅಣ್ಣತಮ್ಮಂದಿರ ಜಗಳಗಳೂ ತಲೆ ಎತ್ತುತ್ತವೆ. ಶಿಕಾರಿಪುರದಲ್ಲಿದ್ದುಕೊಂಡು ಆ ಕಡೆ ಸೊರಬದವರೆಗೂ ಹೊಲ ಅಳೆಯುವ ಪರವಾನಗಿ ಸರ್ವೆಯರ್ ನಾನು. ನನ್ನ ತಲೆನೋವೂ ಇದೇ ಕಾಲವನ್ನು ಆರಿಸಿಕೊಂಡದ್ದು ನನ್ನ ಗ್ರಹಚಾರ.

ಅದಕ್ಕೆ ಕ್ಲಸ್ಟರ್ ತಲೆನೋವು ಎಂದು ಹೆಸರು. ಪುಷ್ಯ ಮಾಸ ಹಿಡಿಯಿತೆಂದರೆ ಆರು ವಾರ, ದಿನಾ, ಬೆಳಿಗ್ಗೆ ಹನ್ನೊಂದು ಇಪ್ಪತ್ತರ ಆಸುಪಾಸಿಗೆ ಎಡಗಣ್ಣಿನ ಹಿಂದೆ ಬೈರಿಗೆ ತಿರುಗತೊಡಗುತ್ತದೆ. ಎಡಗಣ್ಣು ಕೆಂಪಾಗಿ ನೀರು ಸುರಿಯುತ್ತದೆ, ರೆಪ್ಪೆ ಜೋತುಬೀಳುತ್ತದೆ, ಎಡಗಡೆಯ ಮೂಗು ಮಾತ್ರ ಸೋರುತ್ತದೆ. ಒಂದು ಗಂಟೆ ಹೊತ್ತು ಹಾಗೆ. ಆಮೇಲೆ ಏನೂ ಆಗಿಲ್ಲವೆಂಬಂತೆ ನಿಂತುಹೋಗುತ್ತದೆ. ನನ್ನಜ್ಜಿ ಇದ್ದಿದ್ದರೆ ಅರೆದಲೆಶೂಲೆ ಎಂದು ತುಂಬೆಗಿಡದ ರಸ ಹಿಂಡುತ್ತಿದ್ದಳು. ನಾನು ಹಲ್ಲಿನವರ ಬಳಿ ಹೋಗಿ ಎರಡು ದವಡೆ ಹಲ್ಲು ಕೀಳಿಸಿಕೊಂಡೆ. ಮೂಗಿನವರು ಸೈನಸ್ ಎಂದರು, ಕಣ್ಣಿನವರು ಕನ್ನಡಕ ಕೊಟ್ಟರು. ಐದನೆಯ ವರ್ಷ ಶಿವಮೊಗ್ಗದಲ್ಲಿ ಒಬ್ಬ ನರರೋಗ ವೈದ್ಯರು ಒಂದೇ ಪ್ರಶ್ನೆ ಕೇಳಿದರು: "ನೋವು ಬಂದಾಗ ಮಲಗ್ತೀರೋ, ಓಡಾಡ್ತೀರೋ?" ಓಡಾಡ್ತೀನಿ ಡಾಕ್ಟ್ರೇ, ಕೂರಲಿಕ್ಕೇ ಆಗೋದಿಲ್ಲ ಎಂದೆ. ಅರೆತಲೆನೋವಿನವರು ಕತ್ತಲೆಯಲ್ಲಿ ಮಲಗುತ್ತಾರೆ, ಇದರವರು ತಿರುಗುತ್ತಾರೆ ಎಂದು ಹೇಳಿ ಮಾತ್ರೆ ಬರೆದರು. ಕೆಳಗೆ ಇನ್ನೊಂದು ಸಾಲು ಬರೆದರು. ನೋವು ಶುರುವಾದ ಕೂಡಲೇ ಆಮ್ಲಜನಕ, ನಿಮಿಷಕ್ಕೆ ಹದಿನೈದು ಲೀಟರ್, ಚೀಲವಿರುವ ಮಾಸ್ಕಿನಲ್ಲಿ.

ಮಾತ್ರೆ ತಂದೆ. ಆಮ್ಲಜನಕದ ಸಾಲನ್ನು ಮಡಚಿ ಜೇಬಿಗಿಟ್ಟೆ. ಕೊರೋನಾ ಕಾಲದಲ್ಲಿ ನನ್ನ ಹೆಂಡತಿಯ ಅಣ್ಣ ಸಿಲಿಂಡರಿನ ಪಕ್ಕದಲ್ಲೇ ತೀರಿಕೊಂಡಿದ್ದರು. ನಮ್ಮ ಮನೆಯಲ್ಲಿ ಆ ವಸ್ತುವಿನ ಹೆಸರೆತ್ತುವಂತಿರಲಿಲ್ಲ.

ಈ ಸಲ ನೋವು ಶುರುವಾದಾಗ ನಾನೊಂದು ಉಪಾಯ ಮಾಡಿದೆ. ಹದ್ದುಬಸ್ತು ಅಂದರೆ ಹೊಲದ ಗಡಿ ಗುರುತಿಸಿ ಕಲ್ಲು ನೆಡುವ ಕೆಲಸ. ಅದಕ್ಕೆ ಸುತ್ತಲಿನ ಹೊಲದವರಿಗೆಲ್ಲ, ಬಾಜೂದಾರರಿಗೆ, ದಿನ ಮತ್ತು ಗಂಟೆ ನಮೂದಿಸಿ ನೋಟಿಸ್ ಕೊಡಬೇಕು. ಎಲ್ಲರೂ ಹನ್ನೊಂದು ಗಂಟೆ ಎಂದು ಬರೆಯುತ್ತಾರೆ. ನಾನು ಏಳು ಎಂದು ಬರೆಯತೊಡಗಿದೆ. ಹತ್ತಕ್ಕೆಲ್ಲ ಕೆಲಸ ಮುಗಿಸಿ, ಬೈಕ್ ಹತ್ತಿ, ಯಾರೂ ಕಾಣದ ಜಾಗದಲ್ಲಿ ನನ್ನ ಪಾಡು ಪಡುವುದು. ಮೂರು ಹೊಲ ಹೀಗೇ ಮುಗಿಸಿದೆ. ನಾಲ್ಕನೆಯದು ಕುಬಟೂರಿನದು.

ಅಲ್ಲಿ ಅರ್ಜಿ ಕೊಟ್ಟ ಮಾಲೀಕರು ಬಂದಿದ್ದರು, ಸಾಕ್ಷಿಗೆಂದು ಪಂಚರು ಬಂದಿದ್ದರು. ಪೂರ್ವ ದಿಕ್ಕಿನ ಬಾಜೂದಾರರೊಬ್ಬರೇ ಬಂದಿರಲಿಲ್ಲ. ಎಪ್ಪತ್ತರ ಹಿರಿಯರು, ಆನವಟ್ಟಿಯ ಆಚೆಗಿನ ಹಳ್ಳಿಯಲ್ಲಿ ಮನೆ. ಏಳೂಕಾಲಿನವರೆಗೆ ಕಾದು ಅಳತೆ ಹಿಡಿದೆ. ಕೈಗೆ ಸಿಕ್ಕ ಹಳೆಯ ಬಾಂದುಕಲ್ಲಿನಿಂದ ಹಿಡಿದು, ಟಿಪ್ಪಣಿಯ, ಅಂದರೆ ಹಳೆಯ ಸರ್ವೆ ದಾಖಲೆಯ, ಪ್ರಕಾರ ಹೊಸ ಕಲ್ಲು ನೆಡಿಸಿದೆ. ಒಂದು ಕಲ್ಲಿನಿಂದ ಹಿಡಿದ ಅಳತೆಯನ್ನು ಇನ್ನೊಂದು ಕಲ್ಲಿನಿಂದ ತಾಳೆ ನೋಡಬೇಕೆಂದು ನನಗೆ ಕೆಲಸ ಕಲಿಸಿದ ಹಿರಿಯ ಸರ್ವೆಯರ್ ಸಾರಿ ಸಾರಿ ಹೇಳಿದ್ದರು. ಆವತ್ತು ನನ್ನ ಕಣ್ಣು ಗಡಿಯಾರದ ಮೇಲಿತ್ತು. ತಾಳೆ ನೋಡಲಿಲ್ಲ.

ಒಂಬತ್ತರ ಹೊತ್ತಿಗೆ ಹಿರಿಯರು ಬಂದರು. ನೆಟ್ಟ ಕಲ್ಲು ನೋಡಿ ಕೊಡೆಯನ್ನು ನೆಲಕ್ಕೆ ಕುಕ್ಕಿದರು.

"ಏನ್ರೀ ಸರ್ವೆಯರ್ರೇ, ಕೋಳಿ ಕೂಗೋ ಹೊತ್ತಿಗೆ ಹೊಲ ಅಳೆಯೋ ಪದ್ಧತಿ ಯಾವ ಕಾಯ್ದೇಲಿದೆ?"

"ನೋಟಿಸಲ್ಲಿ ಏಳು ಗಂಟೆ ಅಂತ ಬರೆದಿದೀನಲ್ರೀ."

"ಬರ್ದಿದೀರಿ. ನಮ್ಮೂರಿಗೆ ಮೊದಲ್ನೇ ಬಸ್ ಬರೋದೇ ಎಂಟೂವರೆಗೆ. ಅದನ್ನೂ ಬರ್ಕೊಳ್ರಿ!"

ಮಾತಿಗೆ ಮಾತು ಬೆಳೆದು ಹೊತ್ತು ಏರಿತು. ನಾನು ಹೊರಡಬೇಕೆನ್ನುವಾಗ ಅವರು ಬೈಕಿಗೆ ಅಡ್ಡ ನಿಂತರು. ಕಡೆಗೆ ನೋವು ಶುರುವಾಗಿಯೇ ಬಿಟ್ಟಿತು, ಹುಲ್ಲಿನ ಬಣವೆಯ ಹಿಂದಕ್ಕೆ ಓಡಿದೆ. ಅಲ್ಲಿ ಹಣೆಗೆ ಮುಷ್ಟಿ ಗುದ್ದಿಕೊಳ್ಳುತ್ತ ಆ ತುದಿಯಿಂದ ಈ ತುದಿಗೆ ತಿರುಗುತ್ತಿದ್ದಾಗ ಹಿಂದೆಯೇ ಬಂದ ಹಿರಿಯರು ನನ್ನ ಕೆಂಪು ಕಣ್ಣು ನೋಡಿದರು.

"ಓಹೋ, ಇದಾ ಸಮಾಚಾರ! ಬೆಳಗ್ಗೆ ಬೆಳಗ್ಗೆನೇ ಏರ್ಸ್ಕೊಂಡು ಬಂದಿದೀರಿ."

ಆ ಹೊತ್ತಿನಲ್ಲಿ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಸುಮ್ಮನಿದ್ದದ್ದನ್ನು ಅವರು ಒಪ್ಪಿಗೆ ಎಂದುಕೊಂಡರು.

ಮೂರನೆಯ ದಿನ ದೂರು ಮೇಲಕ್ಕೆ ಹೋಯಿತು. ಬಾಜೂದಾರರು ಇಲ್ಲದಾಗ ಕದ್ದು ಅಳೆದಿದ್ದಾರೆ ಎಂಬುದೊಂದು, ಕುಡಿದು ಅಳೆದಿದ್ದಾರೆ ಎಂಬುದೊಂದು. ಸರ್ವೆ ಕಚೇರಿಯ ಸಾಹೇಬರು ಕರೆಸಿದರು.

"ಬರೋ ಇಪ್ಪತ್ತನೇ ತಾರೀಕು ಮರು ಅಳತೆ. ನಾನೇ ಬಂದು ನಿಲ್ತೀನಿ. ಕುಡಿದಿದ್ದು ನಿಜ ಅಂತಾದ್ರೆ ನಿಮ್ಮ ಪರವಾನಗಿ ರದ್ದಿಗೆ ಬರೀತೀನಿ. ಹನ್ನೊಂದು ಗಂಟೆಗೆ ಹಾಜರಿರಿ."

"ಸರ್, ಏಳಕ್ಕೆ ಇಟ್ಕೊಳ್ಳೋಣ್ವಾ?"

ಅವರು ಕನ್ನಡಕದ ಮೇಲಿಂದ ನೋಡಿದರು. "ಆ ಏಳು ಗಂಟೇದೇ ಅಲ್ವೇನ್ರೀ ತಕರಾರು?"

"ಕುಡಿದಿರಲಿಲ್ಲ ಸರ್. ತಲೆನೋವಿತ್ತು."

"ತಲೆನೋವು ನಂಗೂ ಬರುತ್ತೆ. ಈಗ ಬಂದಿದೆ. ಹೋಗಿ."

ಹನ್ನೆರಡು ದಿನ ಉಳಿದಿತ್ತು. ಇಪ್ಪತ್ತೆರಡು ವರ್ಷದ ಕೆಲಸ. ಆ ಪರವಾನಗಿಯ ಹಾಳೆ ಹೋದರೆ ನಾನು ಹೊಲದಲ್ಲಿ ನಿಂತ ಬರೀ ಒಬ್ಬ ಮನುಷ್ಯ. ಅದಕ್ಕಿಂತ ಹೆಚ್ಚಾಗಿ ಸುಟ್ಟದ್ದು ಆ ಕುಡುಕ ಎಂಬ ಮಾತು. ನನ್ನಪ್ಪ ಕುಡಿದೇ ಸತ್ತದ್ದು. ನಾನು ಜೀವಮಾನದಲ್ಲಿ ಹನಿ ಮುಟ್ಟಿದವನಲ್ಲ.

ಮುಂಚೆಯೇ ಒಪ್ಪಿಕೊಂಡಿದ್ದ ಕೆಲಸ ಬಿಡುವಂತಿರಲಿಲ್ಲ. ಎರಡು ದಿನ ಬಿಟ್ಟು ಬಂದಳಿಕೆಯಲ್ಲಿ ಪೋಡಿ, ಅಂದರೆ ಒಂದು ಹೊಲವನ್ನು ಪಾಲು ಮಾಡಿ ನಕ್ಷೆ ಬರೆಯುವ ಕೆಲಸ. ಹೊಲದೊಳಗೆ ಕಾಲುದಾರಿ ಇದ್ದರೆ ನಕ್ಷೆಯಲ್ಲಿ ಚುಕ್ಕೆಗೆರೆ ಹಾಕಿ, ಎಲ್ಲಿಂದ ಎಲ್ಲಿಗೆ ಎಂದು ಬರೆಯಲೇಬೇಕು. ಇಲ್ಲದಿದ್ದರೆ ನಾಳೆ ಯಾರಾದರೊಬ್ಬರು ದಾರಿ ನನ್ನದು ಎಂದು ಬರುತ್ತಾರೆ. ಮೂಲೆಯಲ್ಲಿ ಕುರಿ ರೊಪ್ಪದ ಹಿಂದೆ ಅಂಥದ್ದೊಂದು ದಾರಿ ಕಂಡಿತು. ಹುಲ್ಲು ಹುಟ್ಟದಷ್ಟು ತುಳಿದು ಗಟ್ಟಿಯಾಗಿತ್ತು. ಟೇಪು ಹಿಡಿದು ನೋಡಿದೆ. ಮೂವತ್ತೊಂದು ಅಡಿ. ಈ ತುದಿಯಲ್ಲಿ ಒಂದು ಬೇವಿನ ಮರ, ಆ ತುದಿಯಲ್ಲಿ ಒಂದು ಕಲ್ಲು. ಅದರಾಚೆ ಏನೂ ಇಲ್ಲ.

"ಇದು ಎಲ್ಲಿಗೆ ಹೋಗುತ್ರೀ?" ಎಂದು ಹೊಲದ ಮಾಲೀಕರನ್ನು ಕೇಳಿದೆ.

"ಎಲ್ಲಿಗೂ ಹೋಗಂಗಿಲ್ರೀ. ಅದು ನಮ್ಮ ಚಿಗಪ್ಪನ ಕಾಲಿಂದು. ತಲಿನೋವು ಬಂದಾಗ ಹಂಗ ತಿರುಗ್ತಾನ. ಗಾಳಿ ಮೆಟ್ಟೇತಿ ಅಂತ ತಾಯತ ಕಟ್ಟಿಸಿದ್ವಿ, ಬಿಡವಲ್ದು."

ಟೇಪು ಸುತ್ತಿಟ್ಟೆ. ಊರೂರಲ್ಲಿ ಎಷ್ಟೋ ಕಾಲುದಾರಿ ಗುರುತಿಸಿದ್ದೇನೆ, ಈ ದಾರಿಯನ್ನು ಓದಲು ಮಾತ್ರ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಚಿಗಪ್ಪ ರೊಪ್ಪದಲ್ಲೇ ಇದ್ದರು. ಐವತ್ತೈದರ ಗಟ್ಟಿಮುಟ್ಟು ಆಳು, ಮರಿಯೊಂದರ ಕಾಲಿಗೆ ಮುಲಾಮು ಹಚ್ಚುತ್ತಿದ್ದರು. ಅವರನ್ನು ನಾನು ಆವತ್ತಿನಿಂದ ಕುರಿಯಣ್ಣ ಎಂದೇ ಕರೆಯುತ್ತೇನೆ. ನನ್ನ ವಿಷಯ ಅರ್ಧ ಹೇಳುವಷ್ಟರಲ್ಲಿ ಅವರು ಮರಿ ಕೆಳಗಿಟ್ಟರು.

"ಯಾವ ಕಣ್ಣು?"

"ಎಡಗಣ್ಣು."

"ನಂದು ಬಲಗಣ್ಣು. ಎಷ್ಟೊತ್ತಿಗೆ?"

"ಹನ್ನೊಂದು ಇಪ್ಪತ್ತು."

"ನಂದು ಕುರಿ ತಿರುಗಿಸೋ ಹೊತ್ತಿಗೆ. ಕುರಿಗೂ ಗೊತ್ತಾಗೇತಿ. ನಾ ತಲಿ ಹಿಡಕೊಂಡ್ರ ಅವು ತಾವೇ ಮನೀ ದಾರಿ ಹಿಡೀತಾವ." ನನ್ನ ಕೆನ್ನೆ ನೋಡಿದರು. "ಹಲ್ಲು ಎಷ್ಟು ಕೀಳಿಸೀರಿ?"

"ಎರಡು."

"ನಾ ಮೂರು. ಗೆದ್ದೆ ನೋಡ್ರಿ!"

ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಈ ನೋವಿನ ಬಗ್ಗೆ ಆರು ವರ್ಷದಲ್ಲಿ ನಾನು ನಕ್ಕದ್ದು ಅದೇ ಮೊದಲು. ದೂರಿನ ಕಥೆಯನ್ನೂ ಹೇಳಿದೆ. ಅವರು ಯೋಚಿಸಿ, "ಆನವಟ್ಟೀಲಿ ಒಬ್ಬಾಕಿ ಅಕ್ಕ ಅದಾಳ. ಗಿರಣಿ ನಡಸ್ತಾಳ. ಜ್ವಾಳ ಬೀಸಸಾಕ ಹೋದಾಗ, ಆಕಿ ನಡುವ ಮಷಿನ್ ನಿಲ್ಲಿಸಿ ಹಿತ್ತಲಾಗ ಹಿಂಗ ತಿರುಗ್ತಿದ್ಲು. ನೋಡಿದ್ದೇ ಗೊತ್ತಾತು. ಆಕಿ ಹತ್ರ ಮದ್ದೈತಿ, ಬರ್ರಿ ಹೋಗೂಣು" ಎಂದರು.

ಮರುದಿನ ನನ್ನ ಬೈಕಿನಲ್ಲಿ ಇಬ್ಬರೂ ಆನವಟ್ಟಿಗೆ ಹೋದೆವು. ಗಿರಣಿಯಕ್ಕ ನಲವತ್ತೈದರ ಹೆಂಗಸು. ಹುಬ್ಬು ರೆಪ್ಪೆಗಳ ಮೇಲೆಲ್ಲ ಹಿಟ್ಟು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ರೂ ನಮ್ಮ ಪೈಕಿನಾ?" ಎಂದು ಕುರಿಯಣ್ಣನನ್ನು ಕೇಳಿದರು. ಮದುವೆ ಸಂಬಂಧ ಕೇಳಿದ ಹಾಗಿತ್ತು.

ಮನೆಯ ನಡುಕೋಣೆಯಲ್ಲಿ ಮೊಣಕಾಲೆತ್ತರದ ಸಿಲಿಂಡರ್ ನಿಂತಿತ್ತು. ಕೊರೋನಾ ಕಾಲದಲ್ಲಿ ಮಾವನಿಗೆಂದು ಕೊಂಡದ್ದು. ಮಾವ ಹೋದರು, ಸಿಲಿಂಡರ್ ಉಳಿಯಿತು. ಆಮೇಲೆ ಅಕ್ಕನಿಗೂ ವೈದ್ಯರು ನನಗೆ ಬರೆದ ಸಾಲನ್ನೇ ಬರೆದುಕೊಟ್ಟಾಗ ಅದನ್ನೇ ತುಂಬಿಸಿ ತಂದರಂತೆ.

"ಗಿರಣೀಲಿ ಇಡೋದಿಲ್ಲ. ಹಿಟ್ಟಿನ ಧೂಳು, ಬೆಲ್ಟಿನ ಬಿಸಿ. ಒಂದು ಕಿಡಿ ಸಾಕು. ಎಣ್ಣೆ ಕೈಯಲ್ಲಿ ಇದನ್ನ ಮುಟ್ಟೋ ಹಾಗಿಲ್ಲ. ಎದ್ರಿಗೆ ದೀಪ ಹಚ್ಚೋ ಹಾಗಿಲ್ಲ. ಅತ್ತೆ ಇದಕ್ಕೆ ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಹಚ್ಚಕ್ಕೆ ಹೊರಟಿದ್ರು ಮಾರಾಯ್ರೇ, ಕೈ ಹಿಡ್ಕೊಂಡೆ!"

ಅವರಿಬ್ಬರಲ್ಲಿ ಒಂದು ಪದ್ಧತಿ ಬೆಳೆದಿತ್ತು. ಒಬ್ಬರಿಗೆ ನೋವು ಶುರುವಾದರೆ ಇನ್ನೊಬ್ಬರಿಗೆ ಮಿಸ್ಡ್ ಕಾಲ್ ಕೊಡುವುದು. ಆ ಕಡೆಯವರು ತಿರುಗಿ ಮಾಡಬೇಕು. ಹೇಗಿದೆ, ಎಷ್ಟಿದೆ ಎಂದು ಕೇಳಬಾರದು. ಸುಮ್ಮನೆ ಎಣಿಸುತ್ತ ಹೋಗಬೇಕು. ಕುರಿಯಣ್ಣ ಕುರಿ ಎಣಿಸುವ ಹಾಗೆ ಎಣಿಸುತ್ತಾರೆ. ಒಂದು ಎನ್ನುವ ಕಡೆ ಲಾಭ ಎಂದು ಶುರು ಮಾಡಿ, ಎರಡು, ಮೂರು ಎಂದು ನೂರರವರೆಗೆ, ಮತ್ತೆ ಲಾಭದಿಂದ. ಗಿರಣಿಯಕ್ಕ ಸೇರಿನ ಲೆಕ್ಕದಲ್ಲಿ ಎಣಿಸುತ್ತಾರಂತೆ. ಇಬ್ಬರ ನಡುವೆ ನನ್ನನ್ನೂ ಸೇರಿಸಿಕೊಂಡರು. ನಾನು ಏನು ಎಣಿಸಲಿ ಎಂದದ್ದಕ್ಕೆ, "ಕಲ್ಲು ಎಣಿಸ್ರಿ, ನಿಮ್ಗೆ ಬೇರೆ ಏನು ಗೊತ್ತು?" ಎಂದರು ಅಕ್ಕ.

ಆದರೂ ಅಭಿಮಾನ ನೋಡಿ. ಅವರ ಸಿಲಿಂಡರ್ ಕೇಳಲು ಮನಸ್ಸಾಗಲಿಲ್ಲ. ಹೆಂಡತಿಯ ಹೆದರಿಕೆಯೂ ಇತ್ತು. ಶಿಕಾರಿಪುರದಲ್ಲಿ ಪರಿಚಯದವರ ಮನೆಯಲ್ಲಿ ಗಾಳಿಯಿಂದಲೇ ಆಮ್ಲಜನಕ ತೆಗೆಯುವ ಕರೆಂಟಿನ ಯಂತ್ರ ಇತ್ತು. ಸಿಲಿಂಡರ್ ಅಲ್ಲವಲ್ಲ ಎಂದು ಅದನ್ನು ತಂದೆ. ಮೂರು ದಿನ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಕೂತೆ. ನೋವು ತನ್ನ ಪಾಡಿಗೆ ತಾನು ಒಂದು ಗಂಟೆ ಕೊರೆದು ಹೋಯಿತು. ಎಲ್ಲಾ ಬರೀ ಮಾತು ಎಂದು ಸಿಟ್ಟಿನಲ್ಲಿ ಅಕ್ಕನಿಗೆ ಫೋನ್ ಮಾಡಿದೆ.

"ಯಂತ್ರ ಎಷ್ಟು ಲೀಟರ್ ಕೊಡುತ್ತೆ?"

"ಐದು."

"ಡಾಕ್ಟ್ರು ಬರೆದಿದ್ದೆಷ್ಟು?"

"ಹದಿನೈದು."

"ಅಳತೆ ಮಾಡೋ ಮನುಷ್ಯ ನೀವು! ಲೋಟದಲ್ಲಿ ನೀರು ತಂದು ಬಣವೆ ಬೆಂಕಿ ಆರ್ಸಕ್ಕೆ ಹೊರಟಿದೀರಲ್ರೀ!"

ಮಾರನೆಯ ಬೆಳಿಗ್ಗೆ ಅವರೇ ತಮ್ಮ ಗಿರಣಿಯ ಗೂಡ್ಸ್ ಆಟೋದಲ್ಲಿ ಸಿಲಿಂಡರ್ ಹಾಕಿಕೊಂಡು ನಮ್ಮ ಮನೆ ಮುಂದೆ ಇಳಿದರು. ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಅದು ಹೊಸ್ತಿಲು ದಾಟಿ ಒಳಗೆ ಬರಬಾರ್ದು ಅಕ್ಕ. ನಮ್ಮಣ್ಣನ್ನ ಕರ್ಕೊಂಡು ಹೋಗಿದ್ದೇ ಅದು." ಅಕ್ಕ ವಾದ ಮಾಡಲಿಲ್ಲ. ಸಿಲಿಂಡರನ್ನು ಜಗುಲಿಯಲ್ಲೇ ಇಳಿಸಿ, ತಾವು ಒಳಗೆ ಹೋಗಿ ಅಡುಗೆಮನೆಯಲ್ಲಿ ಕೂತು ಚಹಾ ಕೇಳಿದರು. ತಮ್ಮ ಮಾವನ ಕೊನೆಯ ದಿನಗಳನ್ನು ಹೇಳಿದರು, ಇವಳು ಅಣ್ಣನದನ್ನು ಹೇಳಿದಳು. ನಾನು ಹೊರಗೆ ಗಡಿಯಾರ ನೋಡುತ್ತ ಕೂತಿದ್ದೆ. ಹನ್ನೊಂದರ ಹೊತ್ತಿಗೆ ಇಬ್ಬರೂ ಕಣ್ಣೊರೆಸಿಕೊಂಡು ಜಗುಲಿಗೆ ಬಂದರು. ಅಕ್ಕ ಅವಳಿಗೇ ಕೀಲಿ ಕೊಟ್ಟು ವಾಲ್ವ್ ತಿರುಗಿಸುವುದನ್ನು ಕಲಿಸಿದರು. ಲೀಟರ್ ತೋರಿಸುವ ಗಾಜಿನ ಕೊಳವೆಯೊಳಗಿನ ಗುಂಡು ಹದಿನೈದರ ಗೆರೆಗೆ ಏರಬೇಕು. ಮಾಸ್ಕಿನ ಚೀಲ ಪೂರ್ತಿ ಮುದುಡಬಾರದು. ಮಾಸ್ಕಿನ ಅಂಚಿನಿಂದ ಗಾಳಿ ಸೋರಬಾರದು. ಮುಂದಕ್ಕೆ ಬಾಗಿ, ಮೊಣಕೈ ಮೊಣಕಾಲಿಗೆ ಊರಿ ಕೂರಬೇಕು. ಎಲ್ಲಕ್ಕಿಂತ ಮುಖ್ಯ, ನೋವು ಏರಿದ ಮೇಲಲ್ಲ, ಮೂಗು ಕಟ್ಟಿದ ತಕ್ಷಣ ಶುರು ಮಾಡಬೇಕು.

ಹನ್ನೊಂದು ಹದಿನೇಳಕ್ಕೆ ಮೂಗು ಕಟ್ಟಿತು. ಬೈರಿಗೆ ತಿರುಗಿತು, ಏರಿತು, ಎಲ್ಲೋ ಒಂದು ಕಡೆ ಸಿಕ್ಕಿಕೊಂಡ ಹಾಗಾಯಿತು. ಹದಿನಾಲ್ಕನೆಯ ನಿಮಿಷಕ್ಕೆ ನಿಂತುಹೋಯಿತು. ನಾನು ಮಾಸ್ಕ್ ತೆಗೆದು ಬೀದಿಯ ಕಡೆ ನೋಡಿದೆ. ಬಿಸಿಲಿತ್ತು, ತರಕಾರಿ ಗಾಡಿಯವನು ಕೂಗುತ್ತಿದ್ದ. ನೋವಿನ ವಾರಗಳಲ್ಲಿ ಆ ಹೊತ್ತಿನ ಬೀದಿಯನ್ನು ನಾನು ನೋಡಿದವನೇ ಅಲ್ಲ.

"ಇಷ್ಟೇನಾ?" ಎಂದಳು ಹೆಂಡತಿ. ಆಮೇಲೆ ಅವಳಿಗೆ ಸಿಟ್ಟು ಬಂತು. "ಈ ಚೀಟಿ ಜೇಬಲ್ಲಿಟ್ಕೊಂಡು ವರ್ಷ ಆಯ್ತಲ್ರೀ! ನಾನು ಬೇಡ ಅಂದ್ರೆ ಜಗಳ ಆಡ್ಬೇಕಿತ್ತು!"

ಸಾಯಂಕಾಲ ಸಿಲಿಂಡರ್ ಹೊಸ್ತಿಲು ದಾಟಿತು. ತನ್ನದು ಇನ್ನೂ ಶುರುವಾಗಿಲ್ಲ, ಶಿವರಾತ್ರಿ ಕಳೆದ ಮೇಲೆ ಬರುವುದು, ಅಲ್ಲಿಯವರೆಗೆ ಇಟ್ಟುಕೊಳ್ಳಿ ಎಂದು ಅಕ್ಕ ಬಿಟ್ಟುಹೋದರು. ಮುಂದಿನ ನಾಲ್ಕು ದಿನದಲ್ಲಿ ಮೂರು ದಿನ ಕೆಲಸ ಮಾಡಿತು. ಒಂದು ದಿನ ತಡವಾಗಿ ಹಾಕಿಕೊಂಡೆ. ಆವತ್ತು ಪೂರ್ತಿ ಒಂದು ಗಂಟೆ ಅನುಭವಿಸಿದೆ.

ಇಪ್ಪತ್ತನೇ ತಾರೀಕು ಹತ್ತಿರ ಬಂತು. ಎಲ್ಲರೂ ಒಂದೇ ಸಲಹೆ ಕೊಟ್ಟರು. ಶಿವಮೊಗ್ಗದ ವೈದ್ಯರಿಂದ ಕಾಗದ ತಂದು ಅಳತೆ ಮುಂದಕ್ಕೆ ಹಾಕಿಸಿ, ನೋವಿನ ಕಾಲ ಮುಗಿದ ಮೇಲೆ ಆರಾಮವಾಗಿ ಹೋಗಿ. ಕಾಗದ ತಂದೂ ಆಯಿತು. ಹಿಂದಿನ ದಿನ ಸಾಹೇಬರ ಕಚೇರಿಯ ಮೆಟ್ಟಿಲ ಮೇಲೆ ಅದನ್ನು ಹಿಡಿದು ನಿಂತಿದ್ದೆ. ಕೊಟ್ಟರೆ ಒಪ್ಪುತ್ತಿದ್ದರು. ಆಮೇಲೆ? ಮುಂದಿನ ವರ್ಷ ಇದೇ ಕಾಲಕ್ಕೆ ನೋವು ಬರುತ್ತದೆ, ಇದೇ ಕಾಲಕ್ಕೆ ಹೊಲವೂ ಬರಿದಾಗುತ್ತದೆ. ಮತ್ತೆ ಏಳು ಗಂಟೆಯ ನೋಟಿಸ್, ಮತ್ತೆ ಬಣವೆಯ ಹಿಂದೆ ಓಟ. ಇಷ್ಟೆಲ್ಲ ರಾದ್ಧಾಂತ ಆದದ್ದು ನೋವಿನಿಂದಲ್ಲ, ಅದನ್ನು ಬಚ್ಚಿಟ್ಟದ್ದರಿಂದ. ಕಾಗದ ಮಡಚಿ ಜೇಬಿಗಿಟ್ಟು ವಾಪಸು ಬಂದು ಇಬ್ಬರಿಗೂ ಫೋನ್ ಮಾಡಿದೆ.

"ನಾಳೆ ಹನ್ನೊಂದಕ್ಕೇ ಹೋಗ್ತೀನಿ. ಬಂದ್ರೆ ಬರಲಿ. ಎಲ್ರೂ ನೋಡ್ಲಿ."

"ಹಂಗ ಬರ್ರಿ ದಾರಿಗೆ!" ಎಂದರು ಕುರಿಯಣ್ಣ.

ಅಕ್ಕ, "ಆಟೋ ಎಷ್ಟೊತ್ತಿಗೆ ತರ್ಲಿ?" ಎಂದರು.

ಮಾರನೆಯ ದಿನ ಕುಬಟೂರಿನ ಹೊಲದಲ್ಲಿ ಜನವೋ ಜನ. ಸರ್ವೆಯರನ ಮರ್ಯಾದೆ ಹೋಗುವುದನ್ನು ನೋಡಲು ಕರೆಯೋಲೆ ಬೇಕಿಲ್ಲ. ಸಾಹೇಬರು ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಜೀಪಿನಿಂದ ಇಳಿದರು. ಹಿರಿಯರು ಕೊಡೆ ಊರಿ ನಿಂತಿದ್ದರು. ಆಟೋ, ಸಿಲಿಂಡರ್, ಕುರಿಯಣ್ಣ ಇವೆಲ್ಲ ಅವರಿಗೆ ಅರ್ಥವಾಗಲಿಲ್ಲ. "ಇದೇನು, ವೆಲ್ಡಿಂಗ್ ಕೆಲಸವೂ ಇದೆಯಾ?" ಎಂದರು. ಜನ ನಕ್ಕರು.

ಈ ಸಲ ಮೂರು ಊರಿನ ಗಡಿ ಕೂಡುವ ಕಲ್ಲಿನಿಂದ ಹಿಡಿದೆ. ಅದು ಯಾರ ಕೈಗೂ ಅಲುಗದ ಕಲ್ಲು. ಹಳೆಯ ಟಿಪ್ಪಣಿಗಳು ಸರಪಳಿ ಆಣೆಯ ಲೆಕ್ಕದಲ್ಲಿವೆ. ಮೂವತ್ತಮೂರು ಅಡಿಯ ಸರಪಳಿಯನ್ನು ಹದಿನಾರು ಪಾಲು ಮಾಡಿದರೆ ಒಂದು ಪಾಲು ಒಂದು ಆಣೆ. ಅದೇ ಲೆಕ್ಕದಲ್ಲಿ ಒಂದೊಂದು ಅಳತೆಯನ್ನೂ ಗಟ್ಟಿಯಾಗಿ ಕೂಗಿ ಹೇಳುತ್ತ, ಬರೆಸುತ್ತ ಹೊರಟೆ. ಮೂರನೆಯ ಗೂಟ ಹೊಡೆಯುವಾಗ ಎಡಮೂಗು ಕಟ್ಟಿತು. ಸುತ್ತಿಗೆ ಕೆಳಗಿಟ್ಟೆ.

"ಸರ್, ಅಳತೆ ನಿಲ್ಲಿಸ್ತಿದೀನಿ. ಹನ್ನೊಂದು ಹದಿನೆಂಟು. ಬರೆಸಿ."

"ಯಾಕ್ರೀ?"

"ಆವತ್ತು ಬಣವೆ ಹಿಂದೆ ಇವರು ನೋಡಿದ್ದು ಈಗ ಬರ್ತಿದೆ. ಎಲ್ರೂ ಹತ್ತಿರ ಬನ್ನಿ. ಕಣ್ಣು ನೋಡಿ. ಬಾಯಿ ಬೇಕಾದ್ರೆ ಮೂಸಿ ನೋಡಿ."

ನಾನು ಮಾತಿಗೆ ಅಂದದ್ದು. ಹಿರಿಯರು ನಿಜಕ್ಕೂ ಬಂದು, ಮೂಗು ಮುಂದೆ ಮಾಡಿ ಮೂಸಿದರು.

"ಹೆಂಡದ ವಾಸನೆ ಇಲ್ಲ," ಎಂದು ಜನರ ಕಡೆ ತಿರುಗಿ ತೀರ್ಪು ಹೇಳಿದರು. "ಈರುಳ್ಳಿ ಇದೆ."

"ಉಪ್ಪಿಟ್ಟು," ಎಂದೆ. ಮಾಸ್ಕ್ ಏರಿಸಿಕೊಂಡು ಗದ್ದೆ ಬದುವಿನ ಮೇಲೆ ಕೂತೆ. ಅಕ್ಕ ವಾಲ್ವ್ ತಿರುಗಿಸಿದ್ದೇ ಕಿರುಚಿದರು. ಪಂಚರಲ್ಲೊಬ್ಬರು ಬೀಡಿ ಹಚ್ಚಿದ್ದರು.

"ಬೀಡಿ ಆರ್ಸ್ರೀ! ಎಲ್ಲಾ ಒಟ್ಟಿಗೆ ಸುಟ್ಟುಹೋದ್ರೆ ಮಹಜರಿಗೆ ಸಹಿ ಹಾಕೋರು ಯಾರು? ಅಯ್ಯೋ, ಹುಲ್ಲಿಗೆ ಎಸೀಬೇಡ್ರಿ, ತುಳೀರಿ, ತುಳೀರಿ!"

ಜನ ಹತ್ತು ಮಾರು ಹಿಂದೆ ಸರಿಯಿತು. ಆಮೇಲಿನದನ್ನು ನಾನು ಪೂರ್ತಿ ನೋಡಿಲ್ಲ. ಏಳೆಂಟು ನಿಮಿಷಕ್ಕೆ ನೋವು ನೆತ್ತಿಗೇರಿತು. ಅಷ್ಟು ಜನರ ಎದುರು ಕೂತಿದ್ದರಿಂದ ಉಸಿರಿನ ಲಯ ತಪ್ಪಿತೋ ಏನೋ, ಇಳಿಯುವ ಲಕ್ಷಣವೇ ಕಾಣಲಿಲ್ಲ. ಕೂತಿರಲಾರದೆ ಎದ್ದುಬಿಟ್ಟೆ. ಕಾಲು ತಾನೇ ತಿರುಗಲು ಹೊರಟಿತು. ನಳಿಕೆ ಗಿಡ್ಡದು, ಎರಡು ಹೆಜ್ಜೆಗೆ ಬಿಗಿಯಿತು. ಮಾಸ್ಕ್ ಕಿತ್ತುಹೋಗಬೇಕು, ಅಷ್ಟರಲ್ಲಿ ಬಿಗಿತ ಸಡಿಲಾಯಿತು. ಕುರಿಯಣ್ಣ ಸಿಲಿಂಡರನ್ನು ಕಾಲುಮುರಿದ ಕುರಿಯ ಹಾಗೆ ಹೆಗಲಿಗೆ ಎತ್ತಿಕೊಂಡಿದ್ದರು. ನಾನು ಆ ಬದುವಿನ ತುದಿಗೆ ಹೋದರೆ ಅಲ್ಲಿಗೆ, ಈ ತುದಿಗೆ ಬಂದರೆ ಇಲ್ಲಿಗೆ, ನನ್ನ ಹೆಜ್ಜೆಗೆ ಹೆಜ್ಜೆ ಸೇರಿಸಿ, ಕಿವಿಯ ಹತ್ತಿರ ಎಣಿಸುತ್ತ ಬಂದರು. ಲಾಭ, ಎರಡು, ಮೂರು. ಇನ್ನೊಂದು ಪಕ್ಕದಲ್ಲಿ ಅಕ್ಕ ಮಾಸ್ಕಿನ ಅಂಚು ಒತ್ತಿ ಹಿಡಿದು ನಡೆಯುತ್ತಿದ್ದರು. ಎಣಿಕೆ ಎರಡನೆಯ ಸಲ ತೊಂಬತ್ತು ದಾಟಿರಬೇಕು, ಬೈರಿಗೆ ನಿಧಾನವಾಯಿತು, ನಿಂತಿತು.

ಟವೆಲಿನಲ್ಲಿ ಮುಖ ಒರೆಸಿಕೊಂಡೆ. ಸುತ್ತಿಗೆ ಎತ್ತಿಕೊಂಡು, "ಟೇಪು ಎಳೀರಿ" ಎಂದೆ.

ಕಷ್ಟದ ಭಾಗ ಇನ್ನೂ ಬಾಕಿ ಇತ್ತು ಎಂದು ಗೊತ್ತಿರಲಿಲ್ಲ. ಗಡಿಕಲ್ಲಿನಿಂದ ಹಿಡಿದು ಬಂದ ಅಳತೆ ನಾನು ಮೊದಲ ಸಲ ನೆಡಿಸಿದ್ದ ಕಲ್ಲಿಗೆ ಕೂಡಲಿಲ್ಲ. ಎರಡು ಆಣೆ ವ್ಯತ್ಯಾಸ, ಅಂದರೆ ನಾಲ್ಕು ಅಡಿ ಮೇಲೆ, ಅದೂ ಹಿರಿಯರ ಹೊಲದೊಳಗೆ. ಮತ್ತೆ ಹಿಡಿದೆ. ಅಷ್ಟೇ ಬಂತು. ಮೊದಲ ಸಲ ಹಿಡಿದಿದ್ದ ಹಳೆಯ ಬಾಂದುಕಲ್ಲನ್ನು ತೋರಿಸಿ ಹಿರಿಯರನ್ನು ಕೇಳಿದೆ.

"ಆ ಕಲ್ಲು ಯಾವಾಗ್ಲೂ ಅಲ್ಲೇ ಇತ್ತಾ?"

"ಎಲ್ಲಿ ಇರುತ್ತೆ? ಎರಡು ವರ್ಷದ ಹಿಂದೆ ಟ್ರ್ಯಾಕ್ಟರಿಗೆ ಸಿಕ್ಕಿ ಬಿದ್ದೋಗಿತ್ತು. ಅಂದಾಜಿಗೆ ನಾನೇ ನೆಟ್ಟಿದ್ದು. ಏಳಕ್ಕೆ ಬಸ್ ಇದ್ದಿದ್ರೆ ನೀವು ಆ ಕಲ್ಲಿಂದ ಅಳತೆ ಹಿಡಿಯೋವಾಗ್ಲೇ ಹೇಳ್ತಿದ್ದೆ."

ಬಾಜೂದಾರರಿಗೆ ನೋಟಿಸ್ ಕೊಡುವುದು ಯಾಕೆ ಎಂದು ಇಪ್ಪತ್ತೆರಡು ವರ್ಷದಲ್ಲಿ ನನಗೆ ಅಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

"ಸರ್, ತಪ್ಪು ನಂದು," ಎಂದೆ. "ಕುಡಿದಿದ್ದಕ್ಕಲ್ಲ, ತಲೆನೋವಿಗೂ ಅಲ್ಲ. ತಲೆನೋವು ಬಚ್ಚಿಡಕ್ಕೆ ಅವಸರ ಮಾಡಿದೆ. ತಾಳೆ ನೋಡ್ಲಿಲ್ಲ. ಹಾಗೇ ಬರೆಸಿ." ಹಾರೆ ತೆಗೆದುಕೊಂಡು ಆ ಕಲ್ಲನ್ನು ನಾನೇ ಕಿತ್ತು, ಸರಿಯಾದ ಜಾಗದಲ್ಲಿ ನೆಟ್ಟೆ.

ಸಾಹೇಬರು ಟಿಪ್ಪಣಿ ತೆಗೆದು ಅಳತೆ ತಾಳೆ ನೋಡಿದರು. "ಕುಡಿತದ ದೂರು ಸುಳ್ಳು, ವಜಾ. ತಪ್ಪು ಅಳತೆಗೆ ಎರಡು ತಿಂಗಳು ಹೊಸ ಕಡತ ಇಲ್ಲ. ಪರವಾನಗಿ ಇರಲಿ," ಎಂದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಕುರಿಯಣ್ಣ ಹೆಗಲು ಉಜ್ಜಿಕೊಳ್ಳುತ್ತ ನಕ್ಕರು.

ಮಹಜರು ಬರೆಯುವ ಹೊತ್ತಿಗೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. "ನೋಡ್ರೀ, ಆ ತಲೆನೋವಿನ ಸಾಲು ಬಿಟ್ಟುಬಿಡಿ. ದಾಖಲೆ ಇದು. ನಾಳೆ ಯಾರಾದ್ರೂ ಇದನ್ನೇ ಹಿಡ್ಕೊಂಡು ಕಾಯಿಲೆಯೋನು ಅಂತ ತಕರಾರು ತೆಗೀತಾರೆ."

"ತೆಗೀಲಿ ಸರ್. ಅಳತೆ ನಿಂತಿದ್ದು ನಿಜ ಅಲ್ವಾ? ಇರಲಿ."

ಬರೆದದ್ದನ್ನು ಎಲ್ಲರ ಮುಂದೆ ಓದಿದೆ: 'ಬೆಳಿಗ್ಗೆ 11.18ಕ್ಕೆ ಸರ್ವೆಯರಿಗೆ ಕ್ಲಸ್ಟರ್ ತಲೆನೋವು ಬಂದ ಕಾರಣ ಅಳತೆ ನಿಲ್ಲಿಸಿ, ಸ್ಥಳದಲ್ಲಿಯೇ ಆಮ್ಲಜನಕ ತೆಗೆದುಕೊಂಡು, ಹದಿನೈದು ನಿಮಿಷಗಳ ನಂತರ ಮುಂದುವರಿಸಲಾಯಿತು.'

ಪಂಚರು ಒಬ್ಬೊಬ್ಬರಾಗಿ ಸಹಿ ಹಾಕಿದರು. ಹಿರಿಯರ ಸರದಿ ಬಂದಾಗ ಅವರು ಪೆನ್ನು ತೆಗೆದುಕೊಳ್ಳಲಿಲ್ಲ.

"ನಾನು ಹಾಕೋದಿಲ್ಲ. ಇದು ತಪ್ಪಿದೆ."

ಎಲ್ಲರೂ ನಿಟ್ಟುಸಿರು ಬಿಟ್ಟರು. "ಇನ್ನೇನ್ರೀ ನಿಮ್ದು?" ಎಂದರು ಸಾಹೇಬರು.

"ಹದಿನೈದಲ್ಲ, ಹದಿನೇಳು. ನಾನು ಟೈಮ್ ನೋಡ್ತಾನೇ ನಿಂತಿದ್ದೆ."

"ಎರಡು ನಿಮಿಷ ತಾನೇ ಯಜಮಾನ್ರೇ, ಏನು ಮಹಾ?"

"ಅದೆಂತಾ ಮಾತು ಸಾಹೇಬ್ರೇ? ಎರಡು ಆಣೆಗೆ ನೆಟ್ಟ ಕಲ್ಲು ಕೀಳ್ಸಿದೀರಿ. ಆ ಎರಡು ನಿಮಿಷ ಈ ಮನುಷ್ಯ ಅನುಭವಿಸ್ಲಿಲ್ವಾ? ಅದ್ಯಾರ ಲೆಕ್ಕಕ್ಕೆ?" ನನ್ನ ಕಡೆ ತಿರುಗಿದರು. "ತಿದ್ರಿ."

ಹದಿನೈದನ್ನು ಹೊಡೆದು ಹಾಕಿ ಹದಿನೇಳು ಎಂದು ಬರೆದು, ಪಕ್ಕದಲ್ಲಿ ನನ್ನ ಚಿಕ್ಕ ಸಹಿ ಹಾಕಿದೆ. ಹಿರಿಯರು ಪೆನ್ನು ಇಸಿದುಕೊಂಡು ಆ ತಿದ್ದುಪಡಿಯ ಕೆಳಗೆ ಒಂದು, ಮಹಜರಿನ ಕೊನೆಗೆ ಒಂದು, ಎರಡು ಕಡೆಯೂ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.